ಬಳಪದ ಕಲ್ಲು ಮತ್ತು ಧ್ರುವೀಕೃತ ಬೆಳಕಿನ ಚಿತ್ರಮಾಪನ: ಒಂದು ವಿಮರ್ಶೆ

ಮಾದಿಹಳ್ಳಿ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಬಳಪದ ಕಲ್ಲೆಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯವೂ ಹೊಯ್ಸಳೇಶ್ವರವೂ ಈ ಕಲ್ಲಿನ ಕೀರ್ತಿಗೆ ಸಾಕಷ್ಟು ಸಾಕ್ಷಿ. ಉಳಿಗೆ ಒದಗುವ ಇದರ ಮೆದುತನಕ್ಕೆ ಮುಖ್ಯ ಕಾರಣ ಟಾಲ್ಕ್ ಮತ್ತು ಕ್ಲೋರೈಟ್ ಎಂಬ ಎರಡು ಪದರುಖನಿಜಗಳು. ಎರಡರಲ್ಲಿಯೂ ಬೆಳಕಿನ ವೇಗ ದಿಕ್ಕನ್ನು ಅನುಸರಿಸಿ ಬೇರೆಯಾಗುತ್ತದೆ. ಆದ್ದರಿಂದ ಧ್ರುವೀಕೃತ ಬೆಳಕಿನ ಮಾಪನವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನಮ್ಮ ನಾಡಿನಲ್ಲಿ ಸುಲಭವಾಗಿ ದೊರೆಯದು.

ಹಳೆಯ ಕ್ರಮ ಸರ್ವವಿದಿತ. ಕಲ್ಲನ್ನು 30 ಮೈಕ್ರಾನ್ ದಪ್ಪಕ್ಕೆ ತೇದು, ಅಡ್ಡಲಾಗಿಟ್ಟ ಎರಡು ಧ್ರುವಕಗಳ ನಡುವೆ ನೋಡಿ, ಕಂಡ ಬಣ್ಣವನ್ನು ಮಿಶೆಲ್-ಲೆವಿಯ ವರ್ಣಪಟ್ಟಿಯೊಡನೆ ಹೋಲಿಸುವುದು. ಹೊಸ ಕ್ರಮವನ್ನು 1996ರಲ್ಲಿ ಗ್ಲೇಜರ್, ಲೂಯಿಸ್, ಕಾಮಿನ್‌ಸ್ಕಿ ಎಂಬವರು ಪ್ರಕಟಿಸಿದರು. ಇದರಲ್ಲಿ ಏಕವರ್ಣದ ಬೆಳಕಿನಲ್ಲಿ ಧ್ರುವಕವನ್ನು ಹಂತಹಂತವಾಗಿ ತಿರುಗಿಸಿ ಚಿತ್ರಗಳನ್ನು ತೆಗೆದು, ಪ್ರತಿಯೊಂದು ಬಿಂದುವಿಗೂ ಮೂರು ಬೆಲೆಗಳನ್ನು ಗಣಕದಿಂದ ಪಡೆಯುತ್ತಾರೆ: ಹಾದುಬಂದ ಬೆಳಕಿನ ಪ್ರಮಾಣ, ಅಕ್ಷದ ದಿಕ್ಕು, ಮತ್ತು ಎರಡು ಅಲೆಗಳ ನಡುವಣ ಕಲಾಂತರದ ಸೈನ್. ಈ ಮೂರನ್ನೂ ಒಂದರಿಂದೊಂದು ಬೇರ್ಪಡಿಸಿದುದು ನಿಸ್ಸಂದೇಹವಾಗಿ ಒಂದು ಸಾಧನೆ. ಕಣ್ಣಿಗೆ ಕಾಣದಷ್ಟು ಕ್ಷೀಣವಾದ ದ್ವಿವಕ್ರೀಭವನವೂ ಇದರಲ್ಲಿ ಅಂಕಿಯಾಗಿ ದೊರೆಯುತ್ತದೆ.

ನಮ್ಮ ಆಕ್ಷೇಪವಿರುವುದು ಅಂಕಿಯ ಮೇಲಲ್ಲ, ಅದನ್ನು ಓದುವ ರೀತಿಯ ಮೇಲೆ. ಯಂತ್ರ ಕೊಡುವುದು ಕಲಾಂತರವನ್ನಲ್ಲ, ಅದರ ಸೈನನ್ನು. ಸೈನ್ ಏರಿ ಮತ್ತೆ ಇಳಿಯುತ್ತದೆ. ಟಾಲ್ಕಿನ ದ್ವಿವಕ್ರೀಭವನ ಸುಮಾರು 0.05. 30 ಮೈಕ್ರಾನ್ ದಪ್ಪದಲ್ಲಿ ಪಥಾಂತರ 1500 ನ್ಯಾನೊಮೀಟರ್. 590 ನ್ಯಾನೊಮೀಟರಿನ ಬೆಳಕಿಗೆ ಇದು ಎರಡೂವರೆ ಅಲೆಗಿಂತ 25 ನ್ಯಾನೊಮೀಟರ್ ಮಾತ್ರ ಹೆಚ್ಚು. ಆದ್ದರಿಂದ ಸೈನಿನ ಪರಿಮಾಣ 0.26 ಎಂದು ಬರುತ್ತದೆ. ಪಕ್ಕದ ಕ್ಲೋರೈಟಿನ ದ್ವಿವಕ್ರೀಭವನ 0.004 ಎಂದಿಟ್ಟುಕೊಂಡರೆ ಪಥಾಂತರ 120, ಸೈನ್ 0.96. ಚಿತ್ರವನ್ನು ನಂಬಿದವನು ಕ್ಲೋರೈಟೇ ಟಾಲ್ಕಿಗಿಂತ ಪ್ರಬಲವೆಂದು ಬರೆದಾನು. ನಿಜವೋ ಹನ್ನೆರಡು ಪಟ್ಟು ವಿರುದ್ಧ! ಇಷ್ಟೇ ಅಲ್ಲ. ಅರ್ಧ ಅಲೆ ದಾಟಿದಾಗ ಸೈನಿನ ಚಿಹ್ನೆ ಬದಲಾಗುವುದರಿಂದ ಟಾಲ್ಕಿನ ಅಕ್ಷದ ದಿಕ್ಕೂ 90 ಅಂಶ ತಿರುಗಿ ಕಾಣುತ್ತದೆ. ಪದರಗಳ ಓರಣದಿಂದ ಶಿಲೆಯ ಮೇಲಣ ಒತ್ತಡದ ದಿಕ್ಕನ್ನು ಊಹಿಸಹೊರಟವನಿಗೆ ಇದು ಸಣ್ಣ ತಪ್ಪಲ್ಲ.

ಇದೇ ತೆಳುಛೇದವನ್ನು ಬಿಳಿಯ ಬೆಳಕಿನಲ್ಲಿ ನೋಡಿದ ಎರಡನೆಯ ವರ್ಷದ ವಿದ್ಯಾರ್ಥಿ ಎಡವುವುದಿಲ್ಲ. ಒಂದು ಉಜ್ಜ್ವಲ ವರ್ಣ, ಇನ್ನೊಂದು ಮಂಕು ಬೂದು. ಕ್ಲೋರೈಟ್ ಕೆಲವೊಮ್ಮೆ ಪಟ್ಟಿಯಲ್ಲಿಲ್ಲದ ನೀಲಿಯನ್ನು ತೋರಿ ವರ್ಣಪಟ್ಟಿಯನ್ನೂ ಹುಸಿಮಾಡುತ್ತದೆಂಬುದು ನಿಜವೇ. ಆ ಸಂದರ್ಭದಲ್ಲಿ ಹೊಸ ಕ್ರಮವೇ ಮೇಲು. ಪರಿಹಾರ ದುಬಾರಿಯಲ್ಲ. 550 ನ್ಯಾನೊಮೀಟರಿನಲ್ಲಿ ಇನ್ನೊಮ್ಮೆ ಅಳೆದರೆ ಟಾಲ್ಕಿನ ಬೆಲೆ 0.99ಕ್ಕೆ ನೆಗೆಯುತ್ತದೆ, ಪಥಾಂತರ ನಿಜವಾಗಿ 25 ಆಗಿದ್ದರೆ ಅದು 0.28 ಅಷ್ಟೆ ಆಗುತ್ತಿತ್ತು. ಒಂದೇ ತರಂಗದೂರದ ಚಿತ್ರವನ್ನು ಮಾಪನವೆಂದು ಮುದ್ರಿಸುವ ಅಭ್ಯಾಸ ನಿಲ್ಲಬೇಕು. ಛೇದದ ದಿಕ್ಕನ್ನೂ ಹೇಳದೆ ಬಿಡಬಾರದು: ಪದರಕ್ಕೆ ಸಮಾನಾಂತರವಾಗಿ ಕೊಯ್ದ ಟಾಲ್ಕ್ ಬಹುಮಟ್ಟಿಗೆ ಕತ್ತಲೆಯಾಗಿಯೇ ಉಳಿಯುತ್ತದೆ.

ಇನ್ನೊಂದು ಆಕ್ಷೇಪ ತತ್ತ್ವದ್ದು. ಸ್ಫಟಿಕದೊಳಗಿನ ಎರಡು ಅಲೆಗಳೂ ಸರಳರೇಖೆಯಲ್ಲಿ, ಪರಸ್ಪರ ಲಂಬವಾಗಿ ಕಂಪಿಸುತ್ತವೆಂದು ಈ ಕ್ರಮದ ಸೂತ್ರ ಭಾವಿಸುತ್ತದೆ. ಬೆಳಕನ್ನು ಹೀರುವ ದ್ವ್ಯಕ್ಷ ಸ್ಫಟಿಕಗಳಲ್ಲಿ ಹಾಗಿರುವುದಿಲ್ಲ. ಅಲ್ಲಿ ಅಲೆಗಳು ದೀರ್ಘವೃತ್ತದಲ್ಲಿ ಕಂಪಿಸುತ್ತವೆ, ಪರಸ್ಪರ ಲಂಬವಾಗಿಯೂ ಇರವು. ಕೆಲವು ವಿಶಿಷ್ಟ ದಿಕ್ಕುಗಳಲ್ಲಂತೂ ಎರಡೂ ಒಂದೇ ಆಗಿಬಿಡುತ್ತವೆ. ಇದನ್ನು ಅಯೊಲೈಟ್ ಖನಿಜವನ್ನು ಮುಂದಿಟ್ಟುಕೊಂಡು ವಿಶದಪಡಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದ ಎಸ್. ಪಂಚರತ್ನಂ. 1956ರಲ್ಲಿ ಧ್ರುವೀಕೃತ ಬೆಳಕಿನ ಕಲೆಯನ್ನು ಕುರಿತು ಅವರು ಬರೆದ ಲೇಖನದ ಮಹತ್ತ್ವವನ್ನು ಮೈಕೆಲ್ ಬೆರ್ರಿ 1987ರಲ್ಲಿ ಎತ್ತಿ ತೋರಿಸಿದ ಮೇಲೆ ಲೋಕ ಅದನ್ನು ಕೊಂಡಾಡಿತು; ಸ್ಫಟಿಕಗಳ ಮೇಲಿನ ಈ ಲೇಖನಗಳನ್ನು ನಮ್ಮವರೇ ಓದುವುದು ಅಪರೂಪ. ಹಸಿರು ಕ್ಲೋರೈಟ್ ಬೆಳಕನ್ನು ಹೀರುವುದೇನೋ ಹೌದು. ಆದರೆ 30 ಮೈಕ್ರಾನಿನಲ್ಲಿ ಆ ಹೀರಿಕೆ ಅಲ್ಪ. ಬಳಪದ ಕಲ್ಲಿನ ಮಟ್ಟಿಗೆ ಸೂತ್ರವನ್ನು ಹಾಗೆಯೇ ಬಳಸಿದರೆ ಬಾಧಕವಿಲ್ಲ. ಗಾಢವರ್ಣದ ಖನಿಜಗಳಿಗೆ ಅದನ್ನೇ ವಿಸ್ತರಿಸುವವರು ಮೊದಲು ಪಂಚರತ್ನಂ ಅವರ ಸಮೀಕರಣಗಳಿಂದ ದೋಷದ ಪ್ರಮಾಣವನ್ನು ಗಣಿಸಿ, ಅದನ್ನು ಚಿತ್ರದ ಕೆಳಗೇ ನಮೂದಿಸಬೇಕು.