32 ಕಿಲೋಬೈಟ್‌ನ ಬ್ರಹ್ಮಾಂಡ

ಹಳೆಯ ಗೇಮ್‌ಗಳನ್ನು ಹುಡುಕಿ ಆಡುವ ಹವ್ಯಾಸದಲ್ಲಿ ನನ್ನ ಮನಸ್ಸು ಗೆದ್ದದ್ದು ‘ಎಲೀಟ್’ ಎಂಬ ಬಾಹ್ಯಾಕಾಶ ಗೇಮ್. 1984ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಇದನ್ನು ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ಬರೆದರು. ಆ ಕಂಪ್ಯೂಟರಿನ ಮೆಮೊರಿ ಬರೀ 32 ಕಿಲೋಬೈಟ್. ಅಷ್ಟರೊಳಗೆ 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ಗ್ರಹ! ಗ್ರಹಗಳ ಪಟ್ಟಿಯನ್ನು ಎಲ್ಲೂ ಕೂಡಿಟ್ಟಿಲ್ಲ. ಮೂರು ಸಂಖ್ಯೆಗಳ ಬೀಜದಿಂದ ಹೆಸರು, ಜಾಗ, ಆಡಳಿತ ಎಲ್ಲವೂ ಲೆಕ್ಕದಲ್ಲೇ ಮೊಳೆಯುತ್ತವೆ.

ಇಂದು ಹಳೆಯ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ತೆರೆದರೂ ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳ ನಿಲ್ದಾಣ ನಿಧಾನವಾಗಿ ತಿರುಗುತ್ತದೆ. ಅದರ ಕಿರಿದಾದ ಬಾಗಿಲಿನಿಂದ ನಮ್ಮ ನೌಕೆಯನ್ನೂ ಅದೇ ಲಯದಲ್ಲಿ ಹೊರಳಿಸುತ್ತ ಒಳಸೇರಿಸುವಾಗ ಉಸಿರು ಬಿಗಿಹಿಡಿಯುತ್ತೇನೆ. ಇಷ್ಟು ಕಡಿಮೆಯಲ್ಲಿ ಅಷ್ಟು ದೊಡ್ಡದನ್ನು ಕಟ್ಟಿದ ಆ ಜಾಣ್ಮೆಗೆ ಪ್ರತಿ ಸಲವೂ ತಲೆಬಾಗುತ್ತೇನೆ.