ಹ್ಯಾನಿಬಲ್‌ನ ಬಾಲ್ಯ ಮತ್ತು ಮಾರ್ಕ್ ಟ್ವೇನ್‌ನ ನೈತಿಕ ಪ್ರಜ್ಞೆ

ಮಾರ್ಕ್ ಟ್ವೇನ್ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ (1835–1910) ನಾಲ್ಕನೆಯ ವಯಸ್ಸಿನಿಂದ 1853ರವರೆಗೆ ಬೆಳೆದದ್ದು ಮಿಸಿಸಿಪಿ ನದೀತೀರದ ಹ್ಯಾನಿಬಲ್ ಪಟ್ಟಣದಲ್ಲಿ. ಅಲ್ಲಿನ ಗುಹೆ, ನಡುಗಡ್ಡೆ, ಹಬೆಹಡಗುಗಳು 1876ರ ‘ಟಾಮ್ ಸಾಯರ್’ ಕೃತಿಗೆ ಸಾಮಗ್ರಿಯಾದುದು ಸುವಿದಿತ. ಆದರೆ ಆ ಬಾಲ್ಯವನ್ನು ಕೇವಲ ರಮ್ಯ ಸ್ಮೃತಿಗಳ ಭಂಡಾರವೆಂದು ಭಾವಿಸುವ ವಿಮರ್ಶೆ ಅಪೂರ್ಣವಾದುದು.

ಹ್ಯಾನಿಬಲ್ ಇರುವ ಮಿಸೌರಿಯಲ್ಲಿ ಅಂದು ಗುಲಾಮಗಿರಿ ಕಾನೂನುಸಮ್ಮತವಾಗಿತ್ತು. ನದಿಯಾಚೆಯ ಇಲಿನಾಯ್ ಗುಲಾಮಗಿರಿಯನ್ನು ನಿಷೇಧಿಸಿದ್ದ ರಾಜ್ಯ. ಶಾಲಾದಿನಗಳಲ್ಲಿ ಈ ಪದ್ಧತಿಯಲ್ಲಿ ತನಗೆ ದೋಷವೇ ಕಾಣಿಸಿರಲಿಲ್ಲವೆಂದು ಟ್ವೇನ್ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾನೆ. ಊರಿನ ಬಡ ಹುಡುಗ ಟಾಮ್ ಬ್ಲಾಂಕೆನ್‌ಶಿಪ್ ಹಕ್‌ನ ಪಾತ್ರಕ್ಕೆ ಮಾದರಿಯಾದ. ಅವನ ಅಣ್ಣ ಬೆನ್ಸ್, ತಪ್ಪಿಸಿಕೊಂಡು ಬಂದಿದ್ದ ಗುಲಾಮನೊಬ್ಬನಿಗೆ ನಡುಗಡ್ಡೆಯಲ್ಲಿ ಗುಟ್ಟಾಗಿ ಆಹಾರ ಒದಗಿಸಿದ್ದ.

ಸಮಾಜ ವಿಧಿಸಿದ ಧರ್ಮಕ್ಕೂ ಹೃದಯದ ಕರುಣೆಗೂ ನಡುವಣ ಈ ಘರ್ಷಣೆಯೇ ‘ಹಕಲ್‌ಬೆರಿ ಫಿನ್’ (1884) ಕಾದಂಬರಿಯ ಕೇಂದ್ರ. ಜಿಮ್‌ನ ಸುಳಿವು ಕೊಡಲೆಂದು ತಾನೇ ಬರೆದ ಪತ್ರವನ್ನು ಹರಿದುಹಾಕುವಾಗ ಹಕ್ ತಾನು ಪಾಪ ಮಾಡುತ್ತಿರುವೆನೆಂದೇ ನಂಬಿರುತ್ತಾನೆ. ಊರು ಕಲಿಸಿದ ನುಡಿಯಲ್ಲಿ ಆ ಕರುಣೆಗೆ ಬೇರೆ ಹೆಸರಿಲ್ಲ. ಹೀಗೆ ಹ್ಯಾನಿಬಲ್ ಟ್ವೇನ್‌ಗೆ ಕಥಾವಸ್ತುವಿನೊಡನೆ, ತಾನು ಪ್ರಶ್ನಿಸದೆ ಒಪ್ಪಿದ್ದ ಅನ್ಯಾಯವನ್ನು ಬಾಲಕನೊಬ್ಬನ ಕಣ್ಣಿನಿಂದಲೇ ಮರಳಿ ಪರೀಕ್ಷಿಸುವ ಹೊಣೆಯನ್ನೂ ನೀಡಿತು.