ಕೇಳುವ ಪರ್ಲ್, ಗೊಣಗುವ ಪೈಥಾನ್

ಪುಸ್ತಕಕ್ಕೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ, ಬಸವನಗುಡಿಯ ದೋಸೆಗೂ ಬರೀತಾರೆ. ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟಿಗೆ ಮಾತ್ರ ಯಾರೂ ಬರೆಯೋದಿಲ್ಲ. ಅದೂ ಒಬ್ಬರು ಬರೆದು ಇನ್ನೊಬ್ಬರು ಓದುವ ಬರಹವೇ. ಒಂದು ಭಾಷೆಯ ಇಂಟರ್‌ಪ್ರಿಟರನ್ನು ಸೋರ್ಸ್ ಕೋಡಿನಿಂದ ಕಟ್ಟಿಕೊಳ್ಳಲು ಕೂತರೆ, ಆ ಭಾಷೆ ಮಾಡಿದವರು ನಮ್ಮನ್ನು ಯಾರು ಅಂದ್ಕೊಂಡಿದ್ದಾರೆ ಅನ್ನೋದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಅದಕ್ಕೇ ಈ ಸಲ ಎರಡು ಸ್ಕ್ರಿಪ್ಟುಗಳನ್ನು ಪಕ್ಕಪಕ್ಕ ಇಟ್ಟು ಓದೋಣ: ಪರ್ಲ್‌ನ ಕನ್ಫಿಗರ್, ಪೈಥಾನ್‌ನ ಕನ್ಫಿಗರ್.

ಕೆಲಸ ಎರಡರದ್ದೂ ಒಂದೇ. ಈ ಯಂತ್ರದಲ್ಲಿ ಯಾವ ಸಿ ಕಂಪೈಲರ್ ಇದೆ, ಯಾವ ಲೈಬ್ರರಿಗಳಿವೆ, ಕಟ್ಟಿದ್ದನ್ನು ಎಲ್ಲಿ ಇಡಬೇಕು ಅಂತ ಮೊದಲು ತಿಳ್ಕೊಳ್ಳೋದು. ಆಮೇಲೆ ‘ಮೇಕ್’ ಕಟ್ಟುತ್ತದೆ, ‘ಮೇಕ್ ಇನ್‌ಸ್ಟಾಲ್’ ತಂದು ಇಡುತ್ತದೆ. ವ್ಯತ್ಯಾಸ ಇರೋದು ಮಾತಿನ ವರಸೆಯಲ್ಲಿ.

ಲ್ಯಾರಿ ವಾಲ್ ಪರ್ಲ್ ಬಿಡುಗಡೆ ಮಾಡಿದ್ದು 1987ರಲ್ಲಿ. ಅದರ ಕನ್ಫಿಗರ್ ಇವತ್ತಿಗೂ ಸಾವಿರಾರು ಸಾಲುಗಳ ಒಂದು ಶೆಲ್ ಸ್ಕ್ರಿಪ್ಟ್. ಪರ್ಲ್ ಇನ್ನೂ ಹುಟ್ಟಿಲ್ಲವಲ್ಲ, ಪರ್ಲ್‌ನಲ್ಲಿ ಬರೆಯೋಕಾಗಲ್ಲ! ಹಾಗೇ ಓಡಿಸಿದರೆ ಇದು ನಮ್ಮೂರಿನ ಜಗಲಿ ಕಟ್ಟೆಯ ಅಜ್ಜನ ಥರ. ಯಾವೂರು, ಯಾರ ಪೈಕಿ, ಎಲ್ಲಿಗೆ ಹೊರಟಿದ್ದು ಅಂತ ಎಲ್ಲ ವಿಚಾರಿಸದೆ ದಾಟೋಕೆ ಬಿಡಲ್ಲ. ಯಾವ ಕಂಪೈಲರ್ ಬಳಸಲಿ? ಡೈನಾಮಿಕ್ ಲೋಡಿಂಗ್ ಬೇಕಾ? ಪ್ರತಿ ಪ್ರಶ್ನೆಯ ಪಕ್ಕದಲ್ಲಿ ತನಗೆ ಸರಿ ಅನಿಸಿದ ಉತ್ತರವನ್ನು ಚೌಕ ಕಂಸದೊಳಗೆ ಬರೆದಿರುತ್ತದೆ. ಒಪ್ಪಿಗೆಯಾದರೆ ಎಂಟರ್ ಒತ್ತಿದರಾಯ್ತು. ಉತ್ತರ ಹೊಳೆಯದಿದ್ದರೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಶೆಲ್‌ಗೆ ಹೋಗಿ ನೋಡ್ಕೊಂಡು ಬರಬಹುದು, ಅದು ಕಾಯುತ್ತದೆ.

ತಮಾಷೆಯೂ ಉಂಟು. ಹಿಂದೆ ವಿಎಂಎಸ್ ಮೇಲೆ ಯುನಿಕ್ಸ್ ವೇಷ ಹಾಕುತ್ತಿದ್ದ ಯೂನಿಸ್ ಅಂತ ಒಂದು ವ್ಯವಸ್ಥೆ ಇತ್ತು. ನೀವು ಅದರಲ್ಲಿಲ್ಲ ಅಂತ ಗೊತ್ತಾದರೆ ಸ್ಕ್ರಿಪ್ಟು ನಿಮಗೆ ಅಭಿನಂದನೆ ಹೇಳುತ್ತದೆ. ತಾನು ಕಂಡುಕೊಂಡದ್ದಕ್ಕೂ ನಿಮ್ಮ ಯಂತ್ರಕ್ಕೆ ಸೂಚಿಸಿರುವ ಮೌಲ್ಯಕ್ಕೂ ತಾಳೆಯಾಗದಿದ್ದರೆ ‘ಏಯ್ ತಡೀರಿ’ ಅನ್ನೋ ಧಾಟಿಯಲ್ಲಿ ದೊಡ್ಡಕ್ಷರಗಳಲ್ಲಿ ಕೂಗುತ್ತದೆ.

ಈಗ ಪೈಥಾನ್. ಇಲ್ಲಿ ಬಳಸಿರೋದು ಆಟೋಕಾನ್ಫ್ ಹುಟ್ಟಿಸಿದ ಸ್ಕ್ರಿಪ್ಟು. ಪ್ರಶ್ನೆಯೇ ಇಲ್ಲ. ‘ಪರೀಕ್ಷಿಸಲಾಗುತ್ತಿದೆ... ಇದೆ, ಪರೀಕ್ಷಿಸಲಾಗುತ್ತಿದೆ... ಇಲ್ಲ’ ಅಂತ ನೂರಾರು ಸಾಲು ತನ್ನಷ್ಟಕ್ಕೆ ಗೊಣಗುತ್ತಾ ಓಡುತ್ತದೆ. ಒಂದು ‘ಇಲ್ಲ’ದಿಂದ ನಷ್ಟವೇನೂ ಇಲ್ಲ, ಇನ್ನೊಂದು ‘ಇಲ್ಲ’ದಿಂದ ನಿಮ್ಮ ವಾರವೇ ಹಾಳು. ಎರಡರ ದನಿಯೂ ಒಂದೇ.

ಒಂದು ಉದಾಹರಣೆ ಕೊಡ್ತೀನಿ. ಪೈಥಾನ್ 3.10ಕ್ಕೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಹೊಸದು ಬೇಕು. ಸೆಂಟ್‌ಓಎಸ್ 7ರ ಜೊತೆ ಬರೋದು 1.0.2. ಆ ಯಂತ್ರದಲ್ಲಿ ಹಾಗೇ ಕಟ್ಟಿದರೆ ಎಲ್ಲೋ ನಡುವೆ ಒಂದು ‘ಇಲ್ಲ’ ಹಾದುಹೋಗುತ್ತದೆ. ಮೇಕ್ ಮುಗಿಯುವಾಗ ಎಸ್‌ಎಸ್‌ಎಲ್ ಕಟ್ಟೋಕಾಗಲಿಲ್ಲ ಅಂತ ಒಂದು ಟಿಪ್ಪಣಿ ಬರುತ್ತದೆ. ಆದರೂ ಅದು ಸೋಲು ಅನ್ನಿಸಿಕೊಳ್ಳೋದಿಲ್ಲ, ಇನ್‌ಸ್ಟಾಲ್ ಆಗಿಯೇ ಬಿಡುತ್ತದೆ. ಆಮೇಲೆ ಪಿಪ್ ಬಳಸಿ ಏನಾದರೂ ಇಳಿಸಿಕೊಳ್ಳಲು ಹೋದಾಗ ಗೊತ್ತಾಗೋದು, ಈ ಪೈಥಾನಿಗೆ ಎಚ್‌ಟಿಟಿಪಿಎಸ್ ದಾರಿಯೇ ಇಲ್ಲ ಅಂತ. ಯಾವುದಾದರೂ ಮಾಡ್ಯೂಲಿಗೆ ಬೇಕಾದ ಸಾಮಗ್ರಿ ಸಿಗದಿದ್ದರೆ, ಏನು ಬೇಕಿತ್ತು ಅನ್ನೋದನ್ನು ‘ಸೆಟಪ್.ಪೈ’ ಫೈಲಿನೊಳಗೆ ನೋಡ್ಕೊಳ್ಳಿ ಅನ್ನೋದು ಆ 3.10ರ ಉಪದೇಶವಾಗಿತ್ತು. ಇನ್ನೊಂದು: ವೇಗದ ಇಂಟರ್‌ಪ್ರಿಟರ್ ಬೇಕಿದ್ದರೆ ‘ಎನೇಬಲ್ ಆಪ್ಟಿಮೈಸೇಶನ್ಸ್’ ಅಂತ ಸೇರಿಸಬೇಕಿತ್ತು ಅನ್ನೋ ಸಲಹೆಯನ್ನು ಕನ್ಫಿಗರ್ ಕೊಡೋದು ಎಲ್ಲ ಮುಗಿದ ಮೇಲೆ. ಊಟ ಮುಗಿಸಿ ಕೈ ತೊಳೆದವನಿಗೆ ‘ಪಾಯಸ ಇತ್ತು ಕಣಪ್ಪಾ’ ಅಂದ ಹಾಗೆ.

ಪೈಥಾನ್ ಪರವಾಗಿ ಹೇಳಬಹುದಾದ ಮಾತು ಇಲ್ಲದಿಲ್ಲ. ಎಸ್‌ಎಸ್‌ಎಲ್ ಬೇಡದ ಪುಟ್ಟ ಯಂತ್ರಗಳಲ್ಲೂ ಅದು ಓಡಬೇಕು, ಹಾಗಾಗಿ ಒಂದು ಮಾಡ್ಯೂಲ್ ಇಲ್ಲ ಅಂತ ಕೆಲಸ ನಿಲ್ಲಿಸೋದಿಲ್ಲ. ಸರಿ. ಆದರೆ ನಿಲ್ಲಿಸೋದು ಬೇರೆ, ಕೇಳೋದು ಬೇರೆ.

ಯಾಕೆ ಇದನ್ನು ಇಷ್ಟು ಎಳೀತಿದೀನಿ ಅಂದರೆ, ಈ ಗೊಣಗಾಟದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ತಾಲ್ಲೂಕಿನ ಕಾಲೇಜಿನಿಂದ ಬಂದು ನಮ್ಮ ತಂಡ ಸೇರಿದ್ದ ಹುಡುಗನೊಬ್ಬ ಇದೇ ಎಸ್‌ಎಸ್‌ಎಲ್ ಜೊತೆ ಎರಡು ದಿನ ಗುದ್ದಾಡಿ, ಮೂರನೇ ದಿನ ಬಂದು ಕೇಳಿದ್ದು ‘ಇದರಲ್ಲಿ ಏನು ತಪ್ಪಿದೆ’ ಅಂತಲ್ಲ. ‘ನಂಗೇ ಇದೆಲ್ಲ ಬರಲ್ಲ ಅನ್ಸುತ್ತೆ ಸರ್’ ಅಂದ. ಆತ್ಮವಿಶ್ವಾಸ ಇರುವವನು ಸ್ಕ್ರಿಪ್ಟನ್ನು ಬೈತಾನೆ, ಇಲ್ಲದವನು ತನ್ನನ್ನೇ ಬೈಕೊಳ್ತಾನೆ. ಪ್ರಶ್ನೆ ಕೇಳುವ ಸ್ಕ್ರಿಪ್ಟು ಕನಿಷ್ಠ ಪಕ್ಷ, ಇಲ್ಲೊಂದು ಆಯ್ಕೆ ಇದೆ, ಅದು ನಿಮ್ಮದು ಅಂತ ತಿಳಿಸುತ್ತದೆ.

ಹಾಗಂತ ಪರ್ಲ್‌ಗೆ ಪೂರ್ತಿ ಅಂಕ ಕೊಡೋಕೂ ಆಗಲ್ಲ. ಅಜ್ಜನ ಪ್ರಶ್ನೆಗಳು ಮುಗಿಯೋದೇ ಇಲ್ಲ. ಹತ್ತರಲ್ಲಿ ಎಂಟಕ್ಕೆ ಉತ್ತರ ಗೊತ್ತಿಲ್ಲದೆ ಎಂಟರ್ ಒತ್ತುತ್ತಾ ಕೂರಬೇಕು. ಥ್ರೆಡ್ ಬೇಕಾ ಬೇಡವಾ ಅನ್ನೋ ಮುಖ್ಯ ಪ್ರಶ್ನೆಯೂ, ಪುಟ ತೋರಿಸೋಕೆ ಯಾವ ಪೇಜರ್ ಬೇಕು ಅನ್ನೋ ಪುಟಾಣಿ ಪ್ರಶ್ನೆಯೂ ಒಂದೇ ಸಾಲಿನಲ್ಲಿ ನಿಂತಿವೆ. ಅದಕ್ಕೇ ಬಹಳ ಜನ ‘-ಡಿಇಎಸ್’ ಅಂತ ಸೇರಿಸಿ ಓಡಿಸೋದು. ಡಿ ಅಂದರೆ ನಿನ್ನ ಉತ್ತರಗಳನ್ನೇ ಇಟ್ಕೋ, ಇ ಅಂದರೆ ಕೊನೆಯಲ್ಲೂ ಕೇಳಬೇಡ, ಎಸ್ ಅಂದರೆ ಸುಮ್ಮನಿರು. ಇಷ್ಟು ಚೆನ್ನಾಗಿ ಮಾತಾಡುವ ಸ್ಕ್ರಿಪ್ಟಿನ ಬಾಯಿ ಮುಚ್ಚಿಸೋಕೆ ಮೂರೇ ಅಕ್ಷರ, ಅದನ್ನು ಹೇಳಿಕೊಡೋದೂ ಅದರದೇ ಇನ್‌ಸ್ಟಾಲ್ ಕಡತ!

ಆದರೂ ನನ್ನ ಓಟು ಪರ್ಲ್‌ಗೇ. ಕಾರಣ ಒಂದೇ ಒಂದು ಪ್ರಶ್ನೆ. ಈ ಪರ್ಲನ್ನು ನೋಡಿಕೊಳ್ಳುವವರ ಇಮೇಲ್ ಯಾವುದು, ತೊಂದರೆಯಾದರೆ ಯಾರನ್ನು ಕೇಳಬೇಕು ಅಂತ ಅದು ವಿಚಾರಿಸುತ್ತದೆ. ಕಟ್ಟಿದ್ದಕ್ಕೆ ಒಬ್ಬರು ಜವಾಬ್ದಾರರಿರಬೇಕು ಅನ್ನೋ ತಿಳಿವಳಿಕೆ ಅದು. ಪೈಥಾನ್‌ನ ಕನ್ಫಿಗರ್‌ಗೆ ಆ ಪ್ರಶ್ನೆ ಹೊಳೆದೇ ಇಲ್ಲ.

ನಾವೀಗ ಡಾಕರ್ ಇಮೇಜ್ ಎಳ್ಕೊಂಡು ಮುಂದೆ ಹೋಗುವವರು. ತಪ್ಪೇನಿಲ್ಲ, ದಿನಾ ಯಾರೂ ಭತ್ತ ಕುಟ್ಟಿ ಅನ್ನ ಮಾಡೋದಿಲ್ಲ. ಆದರೆ ಆ ಇಮೇಜಿನೊಳಗೂ ಯಾರೋ ಕನ್ಫಿಗರ್ ಓಡಿಸಿದ್ದಾರೆ, ನಮ್ಮ ಪರವಾಗಿ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಪರ್ಲ್‌ನಲ್ಲಿ ‘ಪರ್ಲ್ -ವಿ’ ತೋರಿಸುತ್ತದೆ (ವಿ ದೊಡ್ಡಕ್ಷರ), ಪೈಥಾನ್‌ನಲ್ಲಿ ‘ಪೈಥಾನ್ -ಎಂ ಸಿಸ್‌ಕಾನ್ಫಿಗ್’ ತೋರಿಸುತ್ತದೆ. ಒಂದು ಸಲ ಬಿಡುವು ಮಾಡ್ಕೊಂಡು ಓದಿ. ಇನ್ನೊಂದು ಭಾನುವಾರ ಸಿಕ್ಕರೆ ‘-ಡಿಇಎಸ್’ ಹಾಕದೆ ಪರ್ಲ್ ಕಟ್ಟಿ ನೋಡಿ. ಅಜ್ಜ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ.